ನಲವತ್ತೊಂದನೇ ಪುಟದ ಗುಮಾಸ್ತ

...ಬೇಡ, ಫ್ಯಾನು ಜೋರು ಮಾಡಬೇಡ, ಹಾಳೆ ಹಾರುತ್ತೆ. ಚಹಾನೂ ಬೇಡ, ಈಗ ತಾನೇ ಆಯ್ತಲ್ಲ. ನೀನು ಕೂತ್ಕೋ ಮೊದಲು. ಎಲ್ಲಿದ್ದೆ ನಾನು? ಹಾಂ, ಲಾಯ. ಅರವತ್ತು ವರ್ಷದ ಹಿಂದೆ ನಮ್ಮ ಈ ಕಾನೂನು ಕಾಲೇಜು ಶುರುವಾಗಿದ್ದು ಒಂದು ಕುದುರೆ ಲಾಯದಲ್ಲಿ. ಕುದುರೆ ಹೋಗಿದ್ವು, ವಾಸನೆ ಹೋಗಿರಲಿಲ್ಲ. ಮೊದಲನೇ ಬ್ಯಾಚಿನವರನ್ನ ಊರೆಲ್ಲ ಲಾಯದ ಲಾಯರುಗಳು ಅಂತ ಆಡ್ಕೊಳ್ತಿದ್ರಂತೆ... ಯಾಕಮ್ಮ, ನಗು ಬರಲಿಲ್ವಾ? ಮೊದಲನೇ ವರ್ಷ ಇದೇ ಮಾತಿಗೆ ನಿಮ್ಮ ಕ್ಲಾಸೆಲ್ಲ ಬಿದ್ದೂ ಬಿದ್ದೂ ನಕ್ಕಿತ್ತು. ನೀನು ನಕ್ಕಿದ್ಯೋ ಇಲ್ವೋ ನೆನಪಿಲ್ಲ. ನೀನು ಆಗಲೂ ನಗೋದು ಕಮ್ಮಿನೇ.

ಬೇಗ ಮುಗಿಸಿಬಿಡೋಣ ತಾಯಿ. ಪ್ರೆಸ್ಸಿನವನು ಐದು ಗಂಟೆಗೆ ಬರ್ತಾನೆ. ಕಾಲೇಜಿನ ಚರಿತ್ರೆ ಬರೆದುಕೊಡಿ ಸಾರ್, ನಿಮ್ಮನ್ನ ಬಿಟ್ರೆ ಇನ್ಯಾರಿದಾರೆ ಅಂತ ಮನೆಗೆ ಬಂದು ಕೇಳಿದ್ದು ನೀನೇ. ಎಪ್ಪತ್ತಾರನೇ ವಯಸ್ಸಲ್ಲಿ, ಒಂದು ಕಣ್ಣಿನ ಪೊರೆ ತೆಗೆಸ್ಕೊಂಡು, ಎರಡು ವರ್ಷ ಕೂತು ಬರೆದಿದೀನಿ. ನೂರಾ ಹತ್ತು ಪುಟ. ನೂರಾ ಒಂಬತ್ತಕ್ಕೆ ಕಣ್ಣುಮುಚ್ಚಿ ಸಹಿ ಹಾಕಿದೀಯ. ನಲವತ್ತೊಂದನೇ ಪುಟದಲ್ಲಿ ಮಾತ್ರ ಒಂದು ವಾಕ್ಯಕ್ಕೆ ಕೆಂಪು ಗೆರೆ ಎಳೆದು, ಪಕ್ಕದಲ್ಲೊಂದು ಪ್ರಶ್ನೆ ಚಿಹ್ನೆ ಹಾಕಿ, ನನ್ನ ಕರೆಸಿದೀಯ. ಪ್ರಿನ್ಸಿಪಾಲರು ಕರೆಸಿದ್ರೆ ಬರದೆ ಇರೋಕಾಗುತ್ತಾ! ಹದಿನಾಲ್ಕು ವರ್ಷ ನಾನು ಕೂತಿದ್ದ ಕುರ್ಚಿ ಅದು. ಈಚೆ ಕಡೆ ಕುರ್ಚಿ ಇಷ್ಟು ತಗ್ಗು ಅಂತ ಗೊತ್ತೇ ಇರಲಿಲ್ಲ ನೋಡು, ಇದರಲ್ಲಿ ಕೂತರೆ ಗದ್ದ ಮೇಜಿಗೆ ಸಮ. ನಿನ್ನನ್ನ ಈಗ ಬಹುವಚನದಲ್ಲಿ ಮಾತಾಡಿಸಬೇಕು, ಬಾಯಿ ಬರಲ್ಲ, ಬೇಜಾರು ಮಾಡ್ಕೋಬೇಡ.

ಓದ್ತೀನಿ, ನೀನೇ ಕೇಳು ಅದರಲ್ಲಿ ಏನು ತಪ್ಪಿದೆ ಅಂತ. "ಉಚಿತ ಕಾನೂನು ನೆರವು ಕೇಂದ್ರದಲ್ಲಿ ಒಬ್ಬ ಗುಮಾಸ್ತನ ಅಜಾಗರೂಕತೆಯಿಂದ ಒಂದು ಮೇಲ್ಮನವಿಯ ಗಡುವು ಮೀರಿತು, ತಪ್ಪಿತಸ್ಥನನ್ನು ಕೆಲಸದಿಂದ ತೆಗೆಯಲಾಯಿತು." ಅಷ್ಟೇ. ನಿಮ್ಮಪ್ಪನ ಹೆಸರು ಎಲ್ಲಾದ್ರೂ ಇದೆಯಾ? ಬೇಕಂತಲೇ ಹಾಕಿಲ್ಲ. ಒಬ್ಬ ಗುಮಾಸ್ತ. ಅದು ಪ್ರಿನ್ಸಿಪಾಲರ ಅಪ್ಪ ಅಂತ ಯಾರಿಗೆ ಗೊತ್ತಾಗುತ್ತೆ ಹೇಳು? ನನಗೆ ಗೊತ್ತು, ನಿನಗೆ ಗೊತ್ತು. ಮೂವತ್ತು ವರ್ಷದ ಮಾತು. ಅವನು ಹೋಗಿಯೂ ಎರಡು ವರ್ಷ ಆಯ್ತು.

ಹೋಗಲಿ ಬಿಡು, ವಾಕ್ಯಾನೇ ತೆಗೆದುಹಾಕಿದ್ರೆ?... ತಲೆ ಅಲ್ಲಾಡಿಸ್ತೀಯ. ಇರಲೂ ಬಾರದು, ತೆಗೀಲೂ ಬಾರದು. ಮತ್ತೇನು ಮಾಡ್ಬೇಕು ನಾನು? ನಡೆದದ್ದು ಹೇಳ್ಬೇಕಾ? ಹೇಳ್ತೀನಿ, ಅದರಲ್ಲೇನಿದೆ. ನೀನು ಆಗ ಹತ್ತು ವರ್ಷದವಳು, ಗೊತ್ತಿರಲ್ಲ ನಿನಗೆ. ಆದ್ರೆ ನಡುವೆ ತಡೀಬೇಡ, ವಯಸ್ಸಾಯ್ತು, ಎಳೆ ತಪ್ಪುತ್ತೆ. ತಡೆಯೋಳಲ್ಲ ಬಿಡು ನೀನು. ನಾನು ಬಂದಾಗಿನಿಂದ ಒಂದು ಮಾತು ಆಡಿಲ್ಲ.

ಮೊದಲು ಹಿರೇಜಡ್ಜರಿಂದ ಶುರು ಮಾಡ್ಬೇಕು. ಇಲ್ಲದಿದ್ರೆ ಈ ಕಾಲೇಜು ಯಾಕೆ ಹುಟ್ತು ಅನ್ನೋದೇ ತಿಳಿಯಲ್ಲ. ನಿವೃತ್ತಿ ಆದಮೇಲೆ ಮನೇಲಿ ಕೂರಲಾರದೆ ಕಾಲೇಜು ಕಟ್ಟಿದ ಮನುಷ್ಯ. ಸಾಯಂಕಾಲ ಆರರಿಂದ ಒಂಬತ್ತು, ಹಗಲೆಲ್ಲ ದುಡಿಯೋ ಹತ್ತೊಂಬತ್ತು ಜನ ವಿದ್ಯಾರ್ಥಿಗಳು. ಅವರಲ್ಲಿ ಒಬ್ಬಳೇ ಹೆಂಗಸು, ಅಂಚೆ ಕಚೇರೀಲಿ ಕೆಲಸ. ಯಾರೋ ವಕೀಲರು ತೀರಿಹೋದಮೇಲೆ ಅವರ ಹೆಂಡತಿ ಗೋಣಿಚೀಲದಲ್ಲಿ ಕಟ್ಟಿ ಕಳಿಸಿದ ಪುಸ್ತಕಗಳೇ ನಮ್ಮ ಲೈಬ್ರರಿ. ಪೀಠದ ಮೇಲೆ ಕೂತು ಅವರು ಕಂಡುಕೊಂಡದ್ದು ಏನಂತ ಗೊತ್ತಾ? ಬಡವರು ಸೋಲೋದು ಕಾನೂನಿಂದ ಅಲ್ಲ, ವಕೀಲ ಬಾರದೆ ಇದ್ದದ್ದರಿಂದ, ಇಲ್ಲಾ ತಡವಾಗಿ ಬಂದದ್ದರಿಂದ. ಅದಕ್ಕೇ ಸ್ಥಾಪನೆಯ ಠರಾವಿನಲ್ಲಿ ಕಾನೂನು ಕಲಿಸೋದು, ಸಂಶೋಧನೆ ಮಾಡೋದು ಅಂತೆಲ್ಲ ದೊಡ್ಡದಾಗಿ ಬರೆಸಿದ ಮೇಲೆ, ಕೊನೆಗೆ ತಮ್ಮ ಕೈಯಾರೆ ಒಂದು ಸಾಲು ಸೇರಿಸಿದ್ರು. ವಕೀಲನನ್ನು ಇಟ್ಟುಕೊಳ್ಳಲಾರದವನ ಬಾಗಿಲಲ್ಲಿ ಈ ಶಾಲೆ ಹೋಗಿ ನಿಲ್ಲತಕ್ಕದ್ದು. ನಾನು ಮೇಷ್ಟ್ರಾಗಿ ಸೇರಿದ ದಿನ ಅದನ್ನ ನನ್ನ ಬಾಯಲ್ಲಿ ಮೂರು ಸಲ ಓದಿಸಿದ್ರು, ಮಗ್ಗಿ ಓದಿಸಿದ ಹಾಗೆ.

ಆ ಸಾಲಿಂದ ಹುಟ್ಟಿದ್ದೇ ಹಿಂದಿನ ಕೋಣೆ. ಈಗ ಅಲ್ಲಿ ಕಂಪ್ಯೂಟರ್ ಇಟ್ಟಿದೀರಿ. ಆಗ ಪ್ರತಿ ಶನಿವಾರ ಹೊರಗಡೆ ಕಟ್ಟೆ ತುಂಬ ಜನ. ಮನೆ ಬಿಡಿಸಿದೋರು, ಗಂಡ ಬಿಟ್ಟೋರು, ಸುಮ್ಮನೆ ಬೈಸ್ಕೊಂಡು ಬಂದೋರು. ಹಿರೇಜಡ್ಜರ ಪದ್ಧತಿ ಏನಪ್ಪಾ ಅಂದ್ರೆ, ಬಂದ ಕೇಸನ್ನ ಮೊದಲು ಇಲ್ಲೇ, ನಮ್ಮ ಅಣಕು ನ್ಯಾಯಾಲಯದಲ್ಲಿ ಹುಡುಗರು ವಾದಿಸಬೇಕು. ನಾಲ್ಕು ಜನ ಆಕಡೆ, ನಾಲ್ಕು ಜನ ಈಕಡೆ. ಮೇಷ್ಟ್ರೊಬ್ಬರು ಜಡ್ಜಾಗಿ ಕೂತು ತೀರ್ಪು ಕೊಡಬೇಕು. ನಮ್ಮ ವಾದದಲ್ಲಿರೋ ತೂತೆಲ್ಲ ಅಲ್ಲಿ ಕಾಣುತ್ತೆ, ಮುಚ್ಚಿಕೊಂಡು ಆಮೇಲೆ ನಿಜವಾದ ಕೋರ್ಟಿಗೆ ಹಾಕೋದು. ಒಳ್ಳೇ ಪದ್ಧತೀನೇ. ಹುಡುಗರು ಜೀವ ಕೊಟ್ಟು ಓದೋರು, ಯಾಕಂದ್ರೆ ಕಾಗದದ ಹಿಂದೆ ಒಬ್ಬ ಮನುಷ್ಯ ಇರ್ತಿದ್ದ.

ಎರಡಕ್ಕೂ ಒಂದೇ ರಿಜಿಸ್ಟರು, ಅದರಲ್ಲಿ ಫಲಿತಾಂಶ ಅಂತ ಒಂದೇ ಕಾಲಮ್ಮು. ನಮ್ಮ ತೀರ್ಪು ಪೆನ್ಸಿಲ್ಲಲ್ಲಿ, ನಿಜವಾದ ಕೋರ್ಟಿನ ತೀರ್ಪು ಶಾಯಿಯಲ್ಲಿ. ಪೆನ್ಸಿಲ್ ಇದ್ರೆ ಕೆಲಸ ಬಾಕಿ ಅಂತ ಅರ್ಥ. ಶಾಯಿ ಬಿದ್ರೆ ಮುಗೀತು, ನಿಮ್ಮಪ್ಪ ಇತ್ಯರ್ಥ ಅಂತ ಠಸ್ಸೆ ಒತ್ತಿ, ಕಡತಕ್ಕೆ ದಾರ ಸುತ್ತಿ, ಹಿಂದಿನ ಬೀರುಗೆ ಸೇರಿಸೋನು. ಹುಡುಗರು ಅವನಿಗೆ ಠಸ್ಸೆ ಮಾಮ ಅಂತಲೇ ಹೆಸರಿಟ್ಟಿದ್ರು, ನಿನಗೆ ಗೊತ್ತಲ್ಲ. ಅವನಿಗೂ ಖುಷೀನೇ. ಠಸ್ಸೆಯನ್ನ ಬಟ್ಟೆ ಚೀಲದಲ್ಲಿ ಹಾಕ್ಕೊಂಡು ಮನೆಗೆ ತಗೊಂಡು ಹೋಗ್ತಿದ್ದ, ಯಾರಾದ್ರೂ ಕದ್ದುಬಿಟ್ಟಾರು ಅಂತ.

ಈಗ ಆ ಕೇಸು. ಒಬ್ಬ ಗೋದಾಮಿನ ಕಾವಲುಗಾರ. ಗೋದಾಮಿಗೆ ಬೆಂಕಿ ಬಿತ್ತು, ಒಳಗೆ ಮಲಗಿದ್ದ ಒಬ್ಬ ಹಮಾಲಿ ಸತ್ತ. ಮಾಲೀಕ ಕೈ ತೋರಿಸಿದ್ದು ಕಾವಲುಗಾರನ ಕಡೆ. ಏಳು ವರ್ಷ ಶಿಕ್ಷೆ. ಮೇಲ್ಮನವಿ ಹಾಕೋಕೆ ಅರವತ್ತು ದಿನ. ಅವನ ಹೆಂಡತಿ ತೀರ್ಪಿನ ಪ್ರತೀನ ಮಡಚಿ ಮಡಚಿ ಬೆಂಕಿಪೊಟ್ಟಣದಷ್ಟು ಮಾಡಿ ಮುಷ್ಟಿಯಲ್ಲಿ ಹಿಡ್ಕೊಂಡು ಬಂದಿದ್ಲು. ನಾನೇ ಬಿಡಿಸಿ ಓದಿದ್ದು. ಓದಿದ ಕೂಡಲೇ ಗೊತ್ತಾಯ್ತು, ನಿಲ್ಲೋ ಶಿಕ್ಷೆ ಅಲ್ಲ ಅದು. ಎಂಥ ವಕೀಲನಾದ್ರೂ ಬಿಡಿಸ್ಕೊಂಡು ಬರಬಹುದಿತ್ತು.

ನಲವತ್ತೈದನೇ ದಿನ ಅಣಕು ನ್ಯಾಯಾಲಯದಲ್ಲಿ ವಾದ ಆಯ್ತು. ಗೆದ್ರು ನಮ್ಮ ಹುಡುಗರು. ಆಮೇಲೆ ಏನಾಯ್ತೋ... ನಿಮ್ಮಪ್ಪ ಪೆನ್ಸಿಲ್ಲಲ್ಲಿ ಬರೀಬೇಕಾದ್ದನ್ನ ಶಾಯೀಲಿ ಬರೆದುಬಿಟ್ಟ. ಆಯಾಸ ಇತ್ತೋ ಏನೋ. ನಿನ್ನ ತಮ್ಮನಿಗೆ ಜ್ವರ ಅಂತಿದ್ದ ಆ ವಾರ. "ಮೇಲ್ಮನವಿ ಪುರಸ್ಕರಿಸಲಾಗಿದೆ. ಆರೋಪಿಯ ಬಿಡುಗಡೆ." ಹೊಸ ನಿಬ್ಬು ಬೇರೆ, ಜಾಸ್ತಿ ಶಾಯಿ ಬಿಡ್ತಿತ್ತು, ಬಿಡುಗಡೆ ಅನ್ನೋ ಹೊತ್ತಿಗೆ ಕೆಳಗಿನ ಗೆರೆಗೂ ಇಳಿದು...

...ಏನು? ಹಾಗೇಕೆ ನೋಡ್ತೀಯ?

ನಿಬ್ಬು ಅಂದೆ. ಹೌದು. ಗುಮಾಸ್ತನ ಹತ್ರ ನಿಬ್ಬಿನ ಪೆನ್ನು ಇರಬಾರದು ಅಂತಿದೆಯಾ?... ಇರಲಿಲ್ಲ. ಸರಿ. ಅವನ ಜೇಬಲ್ಲಿ ಇದ್ದದ್ದು ಮುಚ್ಚಳ ಕಚ್ಚಿದ ಬಾಲ್‌ಪೆನ್ನು. ಮಗಳಿಗೆ ಗೊತ್ತಿರದೆ ಇರುತ್ತಾ.

ಯಾರದೋ ಪೆನ್ನು ಇಸ್ಕೊಂಡಿರಬಹುದು. ಇಸ್ಕೊಂಡಿರಬಹುದಪ್ಪ! ಕಾಲೇಜು ಅಂದಮೇಲೆ ನೂರು ಪೆನ್ನು ಇರುತ್ತೆ... ನೀನು ಏನಾದ್ರೂ ಕೇಳು ತಾಯಿ. ಕೇಳಿದ್ರೆ ಉತ್ತರ ಹೇಳಬಹುದು. ಸುಮ್ಮನೆ ಕೂತರೆ ನಾನೇನು ಹೇಳಲಿ?

ಓ.

ಈಗ ಗೊತ್ತಾಯ್ತು ನೀನೇನು ಮಾಡ್ತಿದ್ದೀಯ ಅಂತ. ಎರಡನೇ ವರ್ಷ, ಪಾಟೀಸವಾಲಿನ ಪಾಠ. ಸುಳ್ಳು ಹೇಳೋ ಸಾಕ್ಷೀನ ಪ್ರಶ್ನೆ ಮೇಲೆ ಪ್ರಶ್ನೆ ಹಾಕಿ ಎಚ್ಚರ ಮಾಡಬೇಡಿ, ಒಂದು ಕೇಳಿ ಸುಮ್ಮನೆ ನಿಂತುಬಿಡಿ, ಮೌನ ಅವನಿಗೆ ತಡೆಯೋಕಾಗಲ್ಲ, ತಾನೇ ಏನಾದ್ರೂ ತುಂಬಿ ತುಂಬಿ ಸಿಕ್ಕಿಬೀಳ್ತಾನೆ. ನಾನೇ ಹೇಳಿಕೊಟ್ಟದ್ದು. ನೀನು ಒಂದು ಪ್ರಶ್ನೆ ಚಿಹ್ನೆ ಹಾಕಿ ಸುಮ್ಮನಾದೆ. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಅಂತಾರೆ. ನೀನು ಕಳ್ಳ ಅಂತಾನೂ ಅನ್ನಲಿಲ್ಲ, ನಾನು ಹೆಗಲು ಒರೆಸ್ಕೊಳ್ತಿದ್ದೀನಿ.

ಬರೆದದ್ದು ನಾನು.

ಆ ಬಾಗಿಲು ಸ್ವಲ್ಪ ಮುಂದೆ ಮಾಡ್ತೀಯಾ?... ಬೇಡ ಅಂತೀಯ. ಸರಿ, ತೆರೆದೇ ಇರಲಿ.

ಆವತ್ತು ಜಡ್ಜಾಗಿ ಕೂತಿದ್ದು ನಾನು. ಹೊರಗಿನ ವಕೀಲರೂ ಬಂದಿದ್ರು ನೋಡೋಕೆ. ಒಬ್ಬ ಹುಡುಗಿ ವಾದ ಮಾಡಿದ್ಲು, ಬೆಂಕಿ ಹತ್ತಿದ ಹೊತ್ತಿಗೆ ಗೋದಾಮಿನ ಬೀಗದ ಕೈ ಯಾರ ಹತ್ರ ಇತ್ತು ಅಂತ ಹಿಡಿದುಕೊಂಡು ಬಿಡಲೇ ಇಲ್ಲ. ಮಾಲೀಕನ ಸಾಕ್ಷ್ಯ ಚಿಂದಿ ಆಯ್ತು. ನಾನು ಎದ್ದು ನಿಂತು ತೀರ್ಪು ಓದಿದೆ. ಓದ್ತಾ ಓದ್ತಾ ನನಗೇ ಮೈ ಜುಮ್ ಅಂತು. ಚಪ್ಪಾಳೆ ನಿಲ್ಲಲಿಲ್ಲ. ಹಿರೇಜಡ್ಜರು ಹೋಗಿ ಮೂರು ವರ್ಷ ಆಗಿತ್ತು, ಅವರು ಇದ್ದು ಕೇಳಬೇಕಾಗಿತ್ತು ಅನ್ನಿಸ್ತು. ರಿಜಿಸ್ಟರು ಮುಂದೆ ಇತ್ತು, ನಿಮ್ಮಪ್ಪ ಪೆನ್ಸಿಲ್ ಹುಡುಕೋಕೆ ಒಳಗೆ ಹೋಗಿದ್ದ. ಅಷ್ಟು ಜನ ನೋಡ್ತಿರುವಾಗ, ಅಂಥ ತೀರ್ಪನ್ನ ಹೋಗಿ ಪೆನ್ಸಿಲ್ಲಲ್ಲಿ ಯಾರು ಬರೀತಾರೆ! ಜೇಬಿಂದ ಪೆನ್ನು ತೆಗೆದೆ, ಬರೆದೆ, ಸಹಿ ಮಾಡಿದ ಹಾಗೆ ಕೆಳಗೊಂದು ಗೆರೆ ಎಳೆದೆ. ಆಮೇಲೆ ಎಲ್ಲರೂ ಕೈ ಕುಲುಕಿದ್ರು. ಮರೆತುಬಿಟ್ಟೆ. ದೇವರಾಣೆ ಮರೆತೆ ಕಣಮ್ಮ. ಅಷ್ಟರವರೆಗೆ ಅದು ಬರೀ ಮರೆವು.

ಸೋಮವಾರ ನಿಮ್ಮಪ್ಪ ಶಾಯಿ ನೋಡಿದ. ಶಾಯಿ ಅಂದ್ರೆ ಮುಗೀತು ಅಂತ ಕಲಿಸಿದೋರು ನಾವೇ. ಠಸ್ಸೆ ಒತ್ತಿದ, ದಾರ ಸುತ್ತಿದ, ಬೀರುಗೆ ಇಟ್ಟ. ಶನಿವಾರ ಆ ಹೆಂಗಸು ಬಂದಾಗ ನಿನ್ನ ಗಂಡನಿಗೆ ಬಿಡುಗಡೆ ಆಗಿದೆ ತಾಯಿ ಅಂತ ಅವನೇ ಹೇಳಿದನಂತೆ, ಅವಳಿಗಿಂತ ಹೆಚ್ಚು ಅವನೇ ಅತ್ತನಂತೆ. ಅವಳು ಗಂಡನ ಒಗೆದ ಅಂಗಿ ತಗೊಂಡು ಜೈಲಿನ ಬಾಗಿಲಿಗೆ ಹೋದ್ಲು. ದಿನಾ ಬೆಳಗ್ಗೆ ಹೋಗಿ ಕಣ್ಣಲ್ಲಿ ಎಣ್ಣೆ ಬಿಟ್ಕೊಂಡು ಕಾಯೋಳು. ಕಾಗದ ಬರಬೇಕು ಅಂತ ಕಾವಲಿನವರು ಗದರಿಸಿ ಕಳಿಸೋರು. ಸರ್ಕಾರಿ ಕಾಗದ ಅಲ್ವಾ, ತಡ ಆಗುತ್ತೆ ಅಂತ ಅವಳೂ ಸುಮ್ಮನಿದ್ಲು. ಕೊನೆಗೆ ತಡೀಲಾರದೆ ಕಾಲೇಜಿಗೆ ಬಂದ್ಲು. ನಾನೇ ಸಿಕ್ಕಿದೆ. ಸ್ವಾಮಿ, ಕಾಗದ ಇನ್ನೂ ಹೋಗಿಲ್ವಂತೆ, ನೀವೊಂದು ಮಾತು ಹೇಳಿ ಅಂದ್ಲು. ಅಂಗಿ ಕಂಕುಳಲ್ಲೇ ಇತ್ತು. ಬೀರು ತೆಗೆಸಿ, ಕಡತ ಬಿಚ್ಚಿ, ದಿನ ಎಣಿಸಿದೆ. ಎಪ್ಪತ್ತೊಂದು.

ಹನ್ನೊಂದೇ ದಿನ ಮೀರಿತ್ತು. ನಿನಗೆ ಹೇಳಬೇಕಾಗಿಲ್ಲ, ಅದು ತೀರಾ ಕೈಮೀರಿದ ಮಾತಲ್ಲ. ತಡ ಯಾಕಾಯ್ತು ಅಂತ ನಿಜವಾದ ಕಾರಣ ಕೊಟ್ಟು ಪ್ರಮಾಣಪತ್ರ ಹಾಕಿದ್ರೆ ಕೋರ್ಟು ಮನ್ನಿಸುತ್ತೆ. ಮೇಷ್ಟ್ರಾದ ನಾನು ಅಣಕು ತೀರ್ಪನ್ನು ಶಾಯಿಯಲ್ಲಿ ಬರೆದೆ, ಅದರಿಂದ ಕಡತ ಮುಗಿದದ್ದರಲ್ಲಿ ಸೇರಿತು. ಮೂರು ಸಾಲಾಗುತ್ತೆ. ಹತ್ತು ನಿಮಿಷದ ಕೆಲಸ.

ಬರೆದೆ ಕೂಡ. ಇಲ್ಲಮ್ಮ, ನಿಜ, ಬರೆದೆ. ಕಳಿಸಲಿಲ್ಲ. ಮುಂದಿನ ತಿಂಗಳು ಮಾನ್ಯತೆ ಕೊಡೋ ಸಮಿತಿ ಬರೋದಿತ್ತು. ನಾಟಕದ ಕೋರ್ಟಿಗೂ ನಿಜವಾದ ಕೋರ್ಟಿಗೂ ವ್ಯತ್ಯಾಸ ಗೊತ್ತಿಲ್ಲದ ಕಾಲೇಜಿಗೆ ಯಾರು ಮಾನ್ಯತೆ ಕೊಡ್ತಾರೆ? ಪ್ರಿನ್ಸಿಪಾಲ್ ಪಟ್ಟಕ್ಕೆ ನನ್ನ ಹೆಸರು ಹೋಗಿತ್ತು, ಅದೂ ಹೌದು, ಅದನ್ನ ಯಾಕೆ ಮುಚ್ಚಿಡಲಿ. ಸಮಿತಿ ಬಂದು ಹೋಗಲಿ ಅಂದ್ಕೊಂಡೆ. ಹೋಯ್ತು. ವರದಿ ಬರಲಿ ಅಂದ್ಕೊಂಡೆ. ಬಂತು. ಕೋರ್ಟಿನ ರಜಾ ಮುಗೀಲಿ ಅಂದೆ. ಕಾಲೇಜು ಮುಳುಗಿದ್ರೆ ನಾಳೆ ಬರೋ ಸಾವಿರ ಜನ ಬಡವರಿಗೆ ಯಾರು ದಿಕ್ಕು, ಒಬ್ಬನಿಗೋಸ್ಕರ ಅಷ್ಟೂ ಜನರ ಬಾಗಿಲು ಮುಚ್ಚೋದಾ ಅಂತ ನನ್ನ ಜೊತೆ ನಾನೇ ವಾದ ಮಾಡ್ತಿದ್ದೆ. ವಾದದಲ್ಲಿ ಚಿನ್ನದ ಪದಕದವನಲ್ವಾ, ದಿನಾ ಗೆಲ್ತಿದ್ದೆ. ಹದಿನಾಲ್ಕನೇ ತಿಂಗಳು ಆ ಕಾವಲುಗಾರ ಜೈಲಿನ ಆಸ್ಪತ್ರೇಲಿ ರಕ್ತ ಕಾರಿ ಸತ್ತ. ಸಾಯೋವರೆಗೂ ಅವನಿಗೆ ಬಿಡುಗಡೆ ಆಗಿದೆ ಅಂತಲೇ ನಂಬಿದ್ದನಂತೆ. ಕಾಗದ ಒಂದೇ ಬರಬೇಕು ಅಂತ ಪಕ್ಕದ ಹಾಸಿಗೆಯವನಿಗೆ ಹೇಳ್ತಿದ್ದನಂತೆ.

ಆಮೇಲೆ ಪೇಪರಲ್ಲಿ ಸಣ್ಣದಾಗಿ ಬಂತು, ವಿಚಾರಣೆ ಆಯ್ತು... ವಿಚಾರಣೆ ನಡೆಸಿದ್ದು ಯಾರು ಅಂತ ಕಡತದಲ್ಲಿ ನೋಡಿರ್ತೀಯ. ಹೂಂ. ನಾನೇ. ಹೊಸ ಪ್ರಿನ್ಸಿಪಾಲರು. ರಿಜಿಸ್ಟರು ನನ್ನ ಮುಂದೆ ಇತ್ತು, ನಿಮ್ಮಪ್ಪ ಎದುರಿಗೆ ನಿಂತಿದ್ದ, ಕೂತ್ಕೋ ಅಂದ್ರೂ ಕೂರಲಿಲ್ಲ. ಈ ಠಸ್ಸೆ ಯಾರು ಒತ್ತಿದ್ದು ಅಂತ ಕೇಳಿದೆ. ಠಸ್ಸೆ ಒತ್ತಿದ್ದು ನಾನೇ ಸ್ವಾಮಿ ಅಂದ. ಈ ಬರಹ ಯಾರದು ಅಂತ ಯಾರೂ ಕೇಳಲಿಲ್ಲ. ಕೇಳಬೇಕಾದೋನು ನಾನು. ಎಮ್ಮೆಗೆ ಜ್ವರ ಬಂದ್ರೆ ಎತ್ತಿಗೆ ಬರೆ ಅಂತಾರಲ್ಲ, ಎಳೆದು ಕಳಿಸಿದೆ. ಹತ್ತೊಂಬತ್ತು ವರ್ಷ ಕೆಲಸ ಮಾಡಿದೋನು ಠಸ್ಸೆಯ ಬಟ್ಟೆ ಚೀಲ ಮೇಜಿನ ಮೇಲಿಟ್ಟು, ಕೋರ್ಟಿನ ಮುಂದೆ ಮರದಡಿ ಟೈಪ್‌ರೈಟರ್ ಇಟ್ಕೊಂಡು ಕೂತ. ನಾನು ಆ ರಸ್ತೆ ಬಿಟ್ಟು ಹಿಂದಿನ ಗೇಟಿಂದ ಓಡಾಡ್ತಿದ್ದೆ.

ಪಾಪದ ಭಾರ ಇತ್ತಮ್ಮ. ಇರಲಿಲ್ಲ ಅಂದ್ಕೋಬೇಡ. ಹತ್ತು ವರ್ಷ ಆದಮೇಲೆ ನಿನ್ನ ಕರ್ಕೊಂಡು ಬಂದ, ನೋಡು, ಅಲ್ಲೇ, ಬಾಗಿಲ ಹತ್ರ ನಿಂತ. ಮಗಳಿಗೆ ಕಾನೂನು ಓದೋ ಆಸೆ ಸ್ವಾಮಿ, ತಮ್ಮ ಕೈಕೆಳಗೇ ಕಲೀಬೇಕು ಅಂತ ನನ್ನಾಸೆ ಅಂದ. ಕೈ ಮುಗಿದ. ನನ್ನ ಕಣ್ಣಲ್ಲಿ ನೀರು ಬಂತು. ಎಂಥ ಮುಗ್ಧ ಅಂದ್ಕೊಂಡೆ. ಪಾಪ, ಅವನಿಗೆ ಏನೂ ಗೊತ್ತಿಲ್ಲ, ನನ್ನನ್ನ ಇನ್ನೂ ದೇವರು ಅಂತ ತಿಳ್ಕೊಂಡಿದಾನೆ. ಆವತ್ತೇ ನಿನಗೆ ಸೀಟು ಬರೆಸಿದೆ. ಪುಸ್ತಕ ಕೊಟ್ಟೆ, ಮನೆಗೆ ಕರೆದು ಪಾಠ ಹೇಳಿದೆ. ಮಗಳ ಹಾಗೆ ನೋಡ್ಕೊಂಡೆ. ಅವನಿಗೆ ಮಾಡಿದ್ದನ್ನ ನಿನ್ನಲ್ಲಿ ತೀರಿಸ್ತಿದ್ದೀನಿ ಅಂತ ಸಮಾಧಾನ ಇತ್ತು ನನಗೆ. ಅದೊಂದೇ ಸಮಾಧಾನ.

ಅವನಿಗೆ ಗೊತ್ತಿರಲಿಲ್ಲ. ಗೊತ್ತಿದ್ರೆ ವಿಚಾರಣೇಲಿ ಬಾಯಿ ಬಿಡ್ತಿದ್ದ. ಯಾರು ಸುಮ್ಮನಿರ್ತಾರೆ, ಮನೇಲಿ ಎರಡು ಮಕ್ಕಳು, ಹೆಂಡತಿ...

ಅಲ್ವಾ?

ಬರಹ ಗುರುತು ಸಿಕ್ಕಿರಬಹುದು ಅಂತೀಯಾ. ನನ್ನ ಕರಡನ್ನೆಲ್ಲ ನಕಲು ಮಾಡ್ತಿದ್ದೋನು ಅವನೇ, ಅದು ಸರಿ. ಬೆಳಗ್ಗೆ ಬೆಳಗ್ಗೆ ನನ್ನ ಪೆನ್ನಿಗೆ ಶಾಯಿ ತುಂಬಿಸಿ, ಒರೆಸಿ, ಮೇಜಿನ ಮೇಲೆ ಇಡ್ತಿದ್ದೋನೂ... ಆದ್ರೆ...

ಅವರಿಗೆ ಗೊತ್ತಿತ್ತಾ?

ಇಲ್ಲ ಅನ್ನು. ಒಂದು ಮಾತು, ತಾಯಿ. ಮಾತು ಬೇಡ, ತಲೆ ಅಲ್ಲಾಡಿಸು. ಆಗ ಅಲ್ಲಾಡಿಸಿದೆಯಲ್ಲ.

...ನಿನಗೆ ಯಾವಾಗ ಹೇಳಿದ್ರು? ಹೋಗೋ ಮುಂಚೆ, ಹಾಸಿಗೆ ಹಿಡಿದಾಗಲಾ? ಹಾಗಾದ್ರೆ ಎರಡು ವರ್ಷ ಆಯ್ತು, ನೀನು ಚರಿತ್ರೆ ಬರೀರಿ ಅಂತ ನನ್ನ ಕೇಳೋಕೆ ಬಂದದ್ದೂ ಆಗಲೇ... ಅಲ್ಲವಾ? ಅದಕ್ಕೂ ಮುಂಚೇನಾ? ನೀನು ಪಾಸಾಗಿ ಕರಿಕೋಟು ಹಾಕ್ಕೊಂಡ ಮೇಲೆ?

ಸೀಟಿಗೆ ಅಂತ ಕರ್ಕೊಂಡು ಬಂದ್ರಲ್ಲ. ಆ ದಿನ ನಿನಗೆ...

ಅಯ್ಯೋ ನನ್ನಮ್ಮ.

ಎಲ್ಲಾ ಗೊತ್ತಿದ್ದು ಕಳಿಸಿದ್ರಾ ನಿನ್ನ. ಗೊತ್ತಿದ್ದು ಬಂದ್ಯಾ ನೀನು. ಮೂರು ವರ್ಷ ಎದುರಿಗೆ ಕೂತು, ನ್ಯಾಯ ಅಂದ್ರೇನು ಅಂತ ನನ್ನ ಬಾಯಲ್ಲಿ ಕೇಳಿಸ್ಕೊಂಡು, ನೋಟ್ಸ್ ಬರ್ಕೊಂಡು... ನಾನು ಕ್ಲಾಸಿಗೆ ಕಾಲಿಟ್ಟ ಕೂಡಲೇ ಎದ್ದು ನಿಲ್ತಿದ್ದೆಯಲ್ಲೇ. ಉಳಿದೋರು ಬೆಂಚು ಎಳೆದಾಡಿ ಏಳೋ ಹೊತ್ತಿಗೆ ನೀನು ಎದ್ದು ನಿಂತಾಗಿರೋದು. ಮೂರು ವರ್ಷ, ಒಂದು ದಿನ ತಪ್ಪದೆ, ಎಲ್ಲರಿಗಿಂತ ಮೊದಲು ನೀನೇ ಎದ್ದು ನಿಲ್ತಿದ್ದೆ.